ಹುಳ ತಿಂದ ಪಿಯಾನೋ

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಆಫೀಸಿನ ಕ್ಯಾಂಟೀನಿನಲ್ಲಿ ಕಥೆ ಹೇಳಲು ಹೋಗಿ ಪೆಚ್ಚಾದೆ. ಇಲ್ಲಿ ಆಮ್ಸ್ಟರ್‌ಡಾಮಿನಲ್ಲಿ ಮಧ್ಯಾಹ್ನದ ಊಟ ಅಂದರೆ ಎರಡು ತುಂಡು ಬ್ರೆಡ್, ನಡುವೆ ಒಂದು ಚೂರು ಚೀಸ್. ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಉಳಿದ ಇಪ್ಪತ್ತು ನಿಮಿಷ ಯಾರಾದರೂ ಏನಾದರೂ ಮಾತಾಡುತ್ತಿರಬೇಕು. ಅವತ್ತು ಮೂಲೆಯ ಸ್ಪೀಕರಿನಲ್ಲಿ 'ಚಾನ್ ಚಾನ್' ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ 'ಇದ್ಯಾವ ಹಾಡು, ಚೆನ್ನಾಗಿದೆಯಲ್ಲ' ಅಂದ. ನನಗೆ ಅಷ್ಟೇ ಸಾಕಾಯಿತು. ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್ ಅನ್ನುವ ಆ ಹಾಡಿನ ಆಲ್ಬಮ್ಮಿನ, ಅದನ್ನು ಹಾಡಿದ ಕ್ಯೂಬಾದ ಮುದುಕರ ಕಥೆಯನ್ನು ನಾನು ಇಪ್ಪತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಸ್ವಲ್ಪ ಸುಮ್ಮನಿರಬೇಕು, ಎಲ್ಲಾ ಬಾಯಿಪಾಠ.

ಕಥೆ ನಿಮಗೂ ಗೊತ್ತಿರುತ್ತದೆ. ಹವಾನಾದ ಗಲ್ಲಿಯಲ್ಲಿ ಬೂಟ್ ಪಾಲಿಶ್ ಮಾಡಿಕೊಂಡಿದ್ದ ಒಬ್ಬ ಮುದುಕ. ಮನೆಯಲ್ಲಿ ಪಿಯಾನೋ ಕೂಡ ಇಲ್ಲದ ಪಿಯಾನೋ ವಾದಕ. ತೊಂಬತ್ತು ಹತ್ತಿರ ಬಂದರೂ ಬಾಯಿಂದ ಚುರುಟು ತೆಗೆಯದ ಮತ್ತೊಬ್ಬ. ಅಮೆರಿಕದಿಂದ ಒಬ್ಬ ಗಿಟಾರಿನವನು ಬರುತ್ತಾನೆ, ಮೂಲೆ ಸೇರಿದ್ದ ಇವರನ್ನೆಲ್ಲ ಹುಡುಕಿ ತೆಗೆಯುತ್ತಾನೆ, ಆರು ದಿನದಲ್ಲಿ ಒಂದು ಆಲ್ಬಂ ಮುಗಿಸುತ್ತಾನೆ. ಎರಡು ವರ್ಷ ಕಳೆಯುವುದರಲ್ಲಿ ಈ ಮುದುಕರು ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ವೇದಿಕೆ ಮೇಲೆ. 'ಜಗತ್ತು ಪೂರ್ತಿ ಮರೆತೇಬಿಟ್ಟಿದ್ದ ಕಲಾವಿದರು' ಅಂತ ನಾನು ಯಾವಾಗಲೂ ಮುಗಿಸುವ ಹಾಗೆ ಮುಗಿಸಿದೆ. ಹುಡುಗನ ಮುಖದಲ್ಲಿ ಬರಬೇಕಾದ ಮರುಕ ಬಂದಿತ್ತು.

ಎದುರಿಗೆ ಪಕ್ಕದ ಟೀಮಿನ ಸಹೋದ್ಯೋಗಿ ಕೂತಿದ್ದಳು. ಹವಾನಾದವಳು. ನನಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ, ಸ್ಪೇನಿನವಳು ಅಂದುಕೊಂಡಿದ್ದೆ. 'ಮರೆತಿದ್ದವರು ಯಾರು?' ಅಂತ ಕೇಳಿದಳು. ಜಗತ್ತು, ಅಂದೆ. 'ಜಗತ್ತಿಗೆ ಅವರು ಗೊತ್ತೇ ಇರಲಿಲ್ಲ. ಗೊತ್ತೇ ಇಲ್ಲದ್ದನ್ನ ಮರೆಯೋದು ಹೇಗೆ?' ಅಂದಳು. ಸಿಟ್ಟೇನೂ ಇರಲಿಲ್ಲ. ಸುಮ್ನೆ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತಾ ಕೇಳಿದಳು. ಆಮೇಲೆ ತನ್ನ ಅಜ್ಜಿ ಅಡುಗೆಮನೆಯ ರೇಡಿಯೋದಲ್ಲಿ, ಅದೇ ಆಲ್ಬಮ್ಮಿನಲ್ಲಿ ಹಾಡಿದ ಒಮಾರಾ ಪೋರ್ತುವೊಂದೊ ಹಾಡು ಕೇಳುತ್ತಲೇ ಅಕ್ಕಿ ಆರಿಸುತ್ತಿದ್ದಳು ಅಂತ ಹೇಳಿದಳು. ತಾನು ಮಾತ್ರ ಆ ಹಾಡುಗಳಿಗೆ ಕಿವಿಗೊಟ್ಟವಳಲ್ಲ. ಆ ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದು ಚರಾಂಗಾ ಹಬನೇರಾ, ಲೋಸ್ ವಾನ್ ವಾನ್ ತಂಡಗಳು; ಬೆವರು ಕಿತ್ತು ಬರುವವರೆಗೆ ಕುಣಿಸುವ ತಿಂಬಾ ಸಂಗೀತ. 'ಈಗ ಹಳೇ ಹವಾನಾದಲ್ಲಿ ಯಾವ ಹೋಟೆಲಿಗೆ ಹೋಗು, ಟೂರಿಸ್ಟ್ ಕೂತ ಕೂಡಲೇ ಚಾನ್ ಚಾನ್ ಶುರು. ಒಂದು ಪ್ಲೇಟ್ ಊಟ ಮುಗಿಯೋದರೊಳಗೆ ಎರಡು ಸಲ. ನನಗಂತೂ ಸಾಕಾಗಿದೆ' ಅಂದು ತಟ್ಟೆ ಎತ್ತಿಕೊಂಡು ಹೋದಳು.

ಮನೆಗೆ ಸೈಕಲ್ ತುಳಿಯುವಾಗ ಆಮ್‌ಸ್ಟೆಲ್ ನದಿ ಪಕ್ಕದ ಕಾರೆ ಥಿಯೇಟರ್ ದಾಟಿಯೇ ಬರಬೇಕು. 1887ರಲ್ಲಿ ಸರ್ಕಸ್ಸಿಗೆ ಅಂತ ಕಟ್ಟಿದ ಕಟ್ಟಡ. 1998ರ ಏಪ್ರಿಲ್ ತಿಂಗಳಲ್ಲಿ ಎರಡು ರಾತ್ರಿ ಆ ಮುದುಕರೆಲ್ಲ ಒಟ್ಟಿಗೆ ವೇದಿಕೆ ಹತ್ತಿದ್ದು ಇಲ್ಲೇ. ದಿನಾ ದಾಟುವಾಗ ಒಂಥರಾ ಖುಷಿಯಾಗುತ್ತಿತ್ತು. ಅವತ್ತು ಮಾತ್ರ ಅವಳ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕಾಡತೊಡಗಿತು. ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಅವರ ಕಥೆಯಾ, ಅವರನ್ನು 'ಕಂಡುಹಿಡಿದವರ' ಕಥೆಯಾ?

ಬಾರದ ವೀಸಾ

ಆ ರೆಕಾರ್ಡ್ ಆದದ್ದೇ ಒಂದು ವೀಸಾ ಗಲಾಟೆಯಿಂದ. ನಮ್ಮಂಥ ಹಸಿರು-ನೀಲಿ ಕಾಗದಗಳ ಕಟ್ಟು ಹಿಡಿದು ಕೌಂಟರಿನ ಮುಂದೆ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಲಂಡನ್ನಿನ ವರ್ಲ್ಡ್ ಸರ್ಕ್ಯೂಟ್ ಅನ್ನುವ ಪುಟ್ಟ ರೆಕಾರ್ಡ್ ಕಂಪನಿಯ ನಿಕ್ ಗೋಲ್ಡ್‌ಗೆ ಬೇರೆಯದೇ ಯೋಚನೆ ಇತ್ತು. ಪಶ್ಚಿಮ ಆಫ್ರಿಕಾದ ಮಾಲಿಯಿಂದ ಗಿಟಾರಿನ ಜೆಲಿಮಾದಿ ತುಂಕಾರಾ, ಎಂಗೋನಿ ಎಂಬ ತಂತಿವಾದ್ಯದ ಬಸ್ಸೇಕು ಕುಯಾತೆ ಹವಾನಾಕ್ಕೆ ಬರಬೇಕು, ಕ್ಯೂಬಾದ ಪೂರ್ವದ ಗಿಟಾರಿನವರ ಜೊತೆ ಕೂತು ನುಡಿಸಬೇಕು. ಗುಲಾಮರ ಹಡಗಿನಲ್ಲಿ ಹೋದ ಸಂಗೀತ ಮತ್ತೆ ತನ್ನ ನೆಂಟರನ್ನು ನೋಡಿದ ಹಾಗೆ. 1996ರ ಮಾರ್ಚ್. ಸ್ಟುಡಿಯೋ ಹಿಡಿದಾಗಿದೆ, ನನ್ನ ಕಥೆಯ ಆ ಅಮೆರಿಕದ ಗಿಟಾರಿನವರು, ಕ್ಯಾಲಿಫೋರ್ನಿಯಾದ ರೈ ಕೂಡರ್, ತಮ್ಮ ಮಗ ಜೋಕಿಮ್‌ನನ್ನೂ ಕರೆದುಕೊಂಡು ಹೊರಟಾಗಿದೆ. ಮಾಲಿಯವರು ಬರಲೇ ಇಲ್ಲ. ಕಾಗದಪತ್ರ ಆಗಲಿಲ್ಲ.

ಬಾಡಿಗೆಗೆ ಹಿಡಿದ ಸ್ಟುಡಿಯೋ ಖಾಲಿ ಬಿಡುವ ಹಾಗಿಲ್ಲ. ಆಗ ಕೈ ಹಿಡಿದವರು ಹ್ವಾನ್ ದೆ ಮಾರ್ಕೊಸ್ ಗೊನ್ಸಾಲೆಸ್. ನನ್ನ ಇಪ್ಪತ್ತು ವರ್ಷದ ಕಥೆಯಲ್ಲಿ ಇವರ ಹೆಸರು ಒಂದು ಸಲವೂ ಬಂದಿರಲಿಲ್ಲ ಅಂತ ಈಗ ನಾಚಿಕೆಯಾಗುತ್ತದೆ. ಸಿಯೆರ್ರಾ ಮಾಯೆಸ್ತ್ರಾ ಅನ್ನುವ ತಂಡ ಕಟ್ಟಿ 1970ರ ದಶಕದಿಂದಲೇ 'ಸೋನ್' ಅನ್ನುವ ಕ್ಯೂಬಾದ ಹಳೇ ಶೈಲಿಯ ಹಾಡುಗಳನ್ನು ಹುಡುಗರ ಬಾಯಲ್ಲಿ ಹಾಡಿಸುತ್ತಿದ್ದ ಮನುಷ್ಯ. ಯಾರ ಮನೆ ಯಾವ ಬೀದಿಯಲ್ಲಿ, ಯಾರಿಗೆ ಇನ್ನೂ ದನಿ ಇದೆ, ಯಾರ ಬೆರಳು ಇನ್ನೂ ಆಡುತ್ತದೆ, ಎಲ್ಲ ಇವರಿಗೆ ಗೊತ್ತಿತ್ತು. ಅದೇ ತಿಂಗಳು ಅದೇ ಸ್ಟುಡಿಯೋದಲ್ಲಿ ಆಫ್ರೊ-ಕ್ಯೂಬನ್ ಆಲ್ ಸ್ಟಾರ್ಸ್ ಅನ್ನುವ ಹೆಸರಿನಲ್ಲಿ ಹಳೇ ತಲೆ, ಹೊಸ ತಲೆಗಳನ್ನೆಲ್ಲ ಸೇರಿಸಿ ಆಗಲೇ ಒಂದು ಆಲ್ಬಂ ಮುಗಿಸಿದ್ದರು. ಅಂದರೆ ಕೂಡರ್ ವಿಮಾನ ಇಳಿಯುವ ಹೊತ್ತಿಗೆ ಒಲೆ ಹೊತ್ತಿತ್ತು, ಎಸರು ಕುದಿಯುತ್ತಿತ್ತು. 'ಅಮೆರಿಕದವನು ಹುಡುಕಿ ತೆಗೆದ' ಅನ್ನುವ ನನ್ನ ಮಾತು ಅಲ್ಲಿಗೇ ಬಿತ್ತು.

ಸ್ಟುಡಿಯೋ ಕೂಡ ಎಲ್ಲೋ ಮೂಲೆಯದ್ದಲ್ಲ. ಮಧ್ಯ ಹವಾನಾದ, ಮರದ ಹಲಗೆ ಹೊದಿಸಿದ ದೊಡ್ಡ ಹಾಲ್. 1959ರ ಕ್ರಾಂತಿಗೆ ಮುಂಚೆ ಪನಾರ್ಟ್ ಕಂಪನಿಯದು. 1958ರಲ್ಲಿ ಅಮೆರಿಕದ ಹಾಡುಗಾರ ನ್ಯಾಟ್ ಕಿಂಗ್ ಕೋಲ್ ಬಂದು ಸ್ಪ್ಯಾನಿಶ್ ಹಾಡುಗಳನ್ನು ಹಾಡಿ ಹೋದ ಜಾಗ. ಆಮೇಲೆ ಸರ್ಕಾರದ ಎಗ್ರೆಂ ಕಂಪನಿ ಕೈಗೆ ಬಂತು. ಈ ಆಲ್ಬಮ್ಮಿನಲ್ಲಿ ನೀವು ಕೇಳುವ ಆ ಗುಂಯ್‌ಗುಡುವಿಕೆ, ಎಲ್ಲರೂ ಒಂದೇ ಕೋಣೆಯಲ್ಲಿ ಉಸಿರಾಡುತ್ತಿದ್ದಾರೆ ಅನ್ನಿಸುವ ಆ ಗಾಳಿ, ಅರ್ಧ ಆ ಹಾಲಿನದು.

ಈ ವೀಸಾದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮಾಲಿಯವರು ಕಡೆಗೂ ಕ್ಯೂಬಾದವರ ಜೊತೆ ಕೂತು ನುಡಿಸಿದ ಆಲ್ಬಂ 2010ರಲ್ಲಿ ಬಂತು, ಹದಿನಾಲ್ಕು ವರ್ಷ ತಡವಾಗಿ. ಕೂಡರ್‌ಗೆ ಅವರದೇ ದೇಶ ದಂಡ ಹಾಕಿತು. ಶತ್ರುದೇಶದ ಜೊತೆ ವ್ಯಾಪಾರ ಮಾಡಿದ ತಪ್ಪಿಗೆ. 2004ರಲ್ಲಿ, ನನ್ನ ಕಥೆಯ ಬೂಟ್ ಪಾಲಿಶಿನ ಮುದುಕ ಇಬ್ರಾಹಿಂ ಫೆರೇರ್‌ಗೆ ಗ್ರಾಮಿ ಬಂದಾಗ ಪ್ರಶಸ್ತಿ ತೆಗೆದುಕೊಳ್ಳಲು ಹೋಗೋಣ ಅಂದರೆ ಅಮೆರಿಕ ವೀಸಾ ಕೊಡಲಿಲ್ಲ. ಬೊಲೆರೊ ಎಂಬ ಪ್ರೇಮದ ಹಾಡು ಹಾಡುವ 76 ವರ್ಷದ ಮುದುಕ ದೇಶದ ಹಿತಕ್ಕೆ ಅಪಾಯವಂತೆ. ಒಂದು ವೀಸಾ ಸಿಗದೆ ಶುರುವಾದ ಕೆಲಸ, ಇನ್ನೊಂದು ವೀಸಾ ಸಿಗದ ಹತ್ತಿರ ಬಂದು ನಿಂತಿತು.

ಅಪ್ಪ ನೋಡಿದ ಹವಾನಾ

ಕಳೆದ ಬೇಸಿಗೆಯಲ್ಲಿ ಅಪ್ಪ ಮೂರು ತಿಂಗಳು ಬಂದು ನಮ್ಮ ಜೊತೆ ಇದ್ದರು. ತಿಪಟೂರಿನಲ್ಲಿ ಕೆಇಬಿ ಲೈನ್‌ಮನ್ ಆಗಿದ್ದವರು. ರಿಟೈರ್ ಆಗಿ ಹದಿನೈದು ವರ್ಷವಾಯಿತು. ಇಲ್ಲಿ ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲ, ಅವರಿಗೆ ನಿದ್ದೆ ಬರುವುದಿಲ್ಲ. ಒಂದು ರಾತ್ರಿ ಬೇರೇನೂ ತೋಚದೆ ವಿಮ್ ವೆಂಡರ್ಸ್ 1999ರಲ್ಲಿ ಈ ಮುದುಕರ ಮೇಲೆ ಮಾಡಿದ ಸಾಕ್ಷ್ಯಚಿತ್ರ ಹಾಕಿದೆ. ಅಪ್ಪನಿಗೆ ಸ್ಪ್ಯಾನಿಶ್ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುವ ತಾಳ್ಮೆಯೂ ಇಲ್ಲ. ನಾನು ಮಧ್ಯೆ ಮಧ್ಯೆ ಹೇಳುತ್ತಿದ್ದೆ.

ಮೊದಲು ಅವರ ಕಣ್ಣಿಗೆ ಬಿದ್ದದ್ದು ಹಾಡುಗಾರರಲ್ಲ, ಹವಾನಾದ ವೈರುಗಳು. 'ಅಯ್ಯೋ, ನೋಡೋ, ಹೆಂಗೆ ಎಳೆದಿದಾರೆ. ಒಂದು ಗಾಳಿ ಬಂದ್ರೆ ಊರೇ ಕತ್ಲು' ಅಂದರು. ಅವರ ಮಾತು ತಪ್ಪೇನಲ್ಲ. ಸೋವಿಯತ್ ಒಕ್ಕೂಟ ಮುರಿದು ಬಿದ್ದ ಮೇಲೆ ಎಣ್ಣೆ ನಿಂತು, ಹವಾನಾ ತಾಸುಗಟ್ಟಲೆ ಕತ್ತಲಲ್ಲಿ ಕೂತಿತ್ತು. ಆಮೇಲೆ ಅವರು ನೋಡಿದ್ದು ಕಂಬದ ಎತ್ತರ. ಅದಾದ ಮೇಲೆ ಮನುಷ್ಯರು.

ಒಮಾರಾ ತಮ್ಮ ಬೀದಿಯಲ್ಲಿ 'ವೇಯಿಂತೆ ಆನ್ಯೋಸ್' ಹಾಡುತ್ತಾ ನಡೆದು ಬರುವ ದೃಶ್ಯ ಒಂದಿದೆ. ದಾರಿಯಲ್ಲಿ ಒಬ್ಬ ಹೆಂಗಸು ತಾನೂ ದನಿ ಸೇರಿಸುತ್ತಾಳೆ. ಮಾರಿಯಾ ತೆರೆಸಾ ವೆರಾ 1930ರ ದಶಕದಲ್ಲಿ ರಾಗ ಹಾಕಿದ ಹಾಡು ಅದು. ಅಪ್ಪ 'ಆ ಹೆಂಗಸು ಯಾರು, ಅವರ ತಂಡದೋರಾ?' ಅಂತ ಕೇಳಿದರು. ಅಲ್ಲ, ದಾರಿಯಲ್ಲಿ ಸಿಕ್ಕವರು, ಅಂದೆ. 'ಮತ್ತೆ ಅವಳಿಗೆ ಪೂರ್ತಿ ಬರ್ತದಲ್ಲ!' ಅಂದರು. ಈ ಚಿತ್ರವನ್ನು ಏಳೆಂಟು ಸಲ ನೋಡಿದ್ದೇನೆ. ಆ ದೃಶ್ಯ ಬಂದಾಗಲೆಲ್ಲ ಆಹಾ ಅಂದಿದ್ದೇನೆ. ಮರೆತುಹೋದವರ ಬಗ್ಗೆ ಇರುವ ಚಿತ್ರದಲ್ಲಿ ದಾರಿಹೋಕಳಿಗೆ ಹಾಡು ಬಾಯಿಗೆ ಬರುತ್ತದೆ ಅಂದರೆ ಮರೆತವರು ಯಾರು ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಒಮಾರಾ ಹದಿಹರೆಯದಲ್ಲೇ ಹವಾನಾದ ತ್ರೊಪಿಕಾನಾ ಎಂಬ ರಾತ್ರಿ ಕ್ಲಬ್ಬಿನಲ್ಲಿ ಕುಣಿದವರು, ಕ್ವಾರ್ತೆತೊ ದಾಯಿದಾ ಎಂಬ ನಾಲ್ವರು ಹೆಂಗಸರ ತಂಡದಲ್ಲಿ ಹದಿನೈದು ವರ್ಷ ಹಾಡಿದವರು, ಅಲ್ಲಿಂದ ಮುಂದೆ ಒಬ್ಬರೇ ಹಾಡಿಕೊಂಡೇ ಬಂದವರು. ಎಗ್ರೆಂ ಸ್ಟುಡಿಯೋಗೆ ಅವರನ್ನು ಯಾರೂ ಹುಡುಕಿ ಕರೆತರಲಿಲ್ಲ. ಅದೇ ಕಟ್ಟಡದಲ್ಲಿ ತಮ್ಮದೇ ಕೆಲಸದ ಮೇಲೆ ಇದ್ದರು, ಕರೆದರು, ಬಂದು ಹಾಡಿದರು.

ಎಲಿಯಾದೆಸ್ ಓಚೊವಾ ಕೂಡ ಹಾಗೇ. ಕೌಬಾಯ್ ಟೋಪಿಯ ಆ ಮನುಷ್ಯನಿಗೆ ಆಗ ಇನ್ನೂ 49 ವರ್ಷ. ಸಾಂತಿಯಾಗೊ ಊರಿನಲ್ಲಿ ಕ್ವಾರ್ತೆತೊ ಪಾತ್ರಿಯಾ ಎಂಬ ತಂಡ ನಡೆಸಿಕೊಂಡಿದ್ದರು. ಚುರುಟಿನ ಕೊಂಪಾಯ್ ಸೆಗುಂದೊ ಆಗಲೇ ಸ್ಪೇನಿನಲ್ಲಿ ಹಾಡಿ ಜನರನ್ನು ಮರುಳು ಮಾಡಿ ಬಂದಿದ್ದರು. ಅಲ್ಲಿ ಅವರ ರೆಕಾರ್ಡ್ ಕೂಡ ಬಂದಿತ್ತು. ಹೆಸರಿನಲ್ಲೇ ಅವರ ಕಸುಬಿದೆ. ಕೊಂಪಾಯ್ ಅಂದರೆ ದೋಸ್ತ್, ಗೆಳೆಯ. ಸೆಗುಂದೊ ಅಂದರೆ ಎರಡನೆಯವನು, ಎರಡನೇ ದನಿ ಹಾಡುವವನು. ಗಿಟಾರ್ ಮತ್ತು ತ್ರೆಸ್ ಎಂಬ ಕ್ಯೂಬಾದ ತಂತಿವಾದ್ಯ, ಎರಡರ ಗುಣವೂ ಒಂದರಲ್ಲೇ ಬೇಕು ಅಂತ ಏಳು ತಂತಿಯ ಅರ್ಮೊನಿಕೊ ಎಂಬ ವಾದ್ಯವನ್ನು ತಾವೇ ಮಾಡಿಕೊಂಡಿದ್ದರು. ನಡುವೆ ಎಷ್ಟೋ ವರ್ಷ ಎಚ್. ಉಪ್ಮನ್ ಕಾರ್ಖಾನೆಯಲ್ಲಿ ಚುರುಟು ಸುತ್ತಿದರು. 'ಚಾನ್ ಚಾನ್' ಅವರದೇ ಹಾಡು, 1980ರ ದಶಕದ್ದು. ಪೂರ್ವ ಕ್ಯೂಬಾದ ನಾಲ್ಕು ಊರುಗಳ ಹೆಸರು ಹೇಳಿಕೊಂಡು ಶುರುವಾಗುವ ಹಾಡು. ಎಲ್ಲರೂ ಅದನ್ನು ಅಜ್ಜನ ಕಾಲದ್ದು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಅಪ್ಪ ಇಬ್ರಾಹಿಂ ಬಂದಾಗ ಕೇಳಿದ ಪ್ರಶ್ನೆ ಇನ್ನೂ ನೇರ. 'ಇವರಿಗೆ ಪಿಂಚಣಿ ಬರ್ತಿರಲಿಲ್ವಾ?' ಬರುತ್ತಿತ್ತು. ಕ್ರಾಂತಿಯ ನಂತರ ಕ್ಯೂಬಾದಲ್ಲಿ ಸಂಗೀತಗಾರರು ಸರ್ಕಾರಿ ನೌಕರರಾದರು. ಪರೀಕ್ಷೆ ಮಾಡಿ ದರ್ಜೆ ಕೊಟ್ಟು, ತಿಂಗಳ ಸಂಬಳ, ವಯಸ್ಸಾದ ಮೇಲೆ ನಿವೃತ್ತಿ ವೇತನ. ಕೇಳಲು ಚೆನ್ನಾಗಿದೆ, ಅಲ್ವಾ? 1991ರ ನಂತರ ಆ ಪೆಸೊಗೆ ಬೆಲೆಯೇ ಇಲ್ಲದಂತಾಯಿತು. ಕೆಟ್ಟ ದಿನಗಳಲ್ಲಿ ಬೀದಿಯಲ್ಲಿ ಒಂದು ಡಾಲರಿಗೆ ನೂರಕ್ಕೂ ಜಾಸ್ತಿ ಪೆಸೊ. ಇಬ್ರಾಹಿಂ ಫೆರೇರ್ ಲೋಸ್ ಬೊಕುಕೋಸ್ ತಂಡದಲ್ಲಿ ದಶಕಗಟ್ಟಲೆ ಹಾಡಿ ನಿವೃತ್ತರಾದದ್ದು ಸರಿಯಾಗಿ ಆ ಹೊತ್ತಿಗೆ. ಬೂಟ್ ಪಾಲಿಶ್ ಮಾಡಿದ್ದು, ಲಾಟರಿ ಟಿಕೆಟ್ ಮಾರಿದ್ದು ಜನ ಮರೆತರು ಅಂತಲ್ಲ. ಪಿಂಚಣಿಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಆ ವರ್ಷಗಳಲ್ಲಿ ಡಾಕ್ಟರುಗಳೂ ಮೇಷ್ಟರುಗಳೂ ಟ್ಯಾಕ್ಸಿ ಓಡಿಸಿದರು. ಅವರನ್ನು ಯಾರೂ ಮರೆತುಹೋದ ಡಾಕ್ಟರು ಅನ್ನಲಿಲ್ಲ. ಇಬ್ರಾಹಿಂ ಅವರ ನಿಜವಾದ ದೂರು ಬೇರೆಯೇ ಇತ್ತು. ಅವರಿಗೆ ಬೊಲೆರೊ ಹಾಡಬೇಕು ಅನ್ನುವ ಆಸೆ. ನಿಧಾನದ, ಪ್ರೇಮದ ಹಾಡು. ತಂಡದಲ್ಲಿ ಮಾತ್ರ ಬರೀ ಕುಣಿಸುವ ಹಾಡುಗಳನ್ನೇ ಕೊಡುತ್ತಿದ್ದರು, ಈ ದನಿ ಬೊಲೆರೊಗೆ ಆಗುವುದಿಲ್ಲ ಅಂತ. ಹ್ವಾನ್ ದೆ ಮಾರ್ಕೊಸ್ ಬಂದು ಕರೆದಾಗ ಇನ್ನು ಹಾಡುವುದೇ ಇಲ್ಲ ಅಂತ ಕೂತಿದ್ದರು. ಹೋಗಿ 'ದೋಸ್ ಗಾರ್ದೇನಿಯಾಸ್' ಹಾಡಿದರು. ಬೊಲೆರೊ. 2000ದಲ್ಲಿ ಮೊದಲ ಲ್ಯಾಟಿನ್ ಗ್ರಾಮಿಯಲ್ಲಿ ಅವರಿಗೆ ಸಿಕ್ಕ ಪ್ರಶಸ್ತಿ ಯಾವುದು ಗೊತ್ತಾ? ಅತ್ಯುತ್ತಮ ಹೊಸ ಕಲಾವಿದ. ವಯಸ್ಸು 73.

ಆಮೇಲೆ ರೂಬೆನ್ ಗೊನ್ಸಾಲೆಸ್. ಒಂದು ದೊಡ್ಡ ಹಳೇ ಹಾಲ್, ಅಲ್ಲಿ ಮಕ್ಕಳು ಕಸರತ್ತು ಮಾಡುತ್ತಿದ್ದಾರೆ. ಮಧ್ಯೆ ಪಿಯಾನೋ. ಬಿಳಿ ಗಡ್ಡದ ಕೃಶ ದೇಹದ ಮುದುಕ ಕೂತು ನುಡಿಸುತ್ತಾ ಇದ್ದಾರೆ, ಪುಟ್ಟ ಹುಡುಗಿಯರು ಸುತ್ತ ಬಂದು ನಿಲ್ಲುತ್ತಾರೆ. ನಾನು ಅಪ್ಪನಿಗೆ ಹೇಳಿದೆ: 1940ರ ದಶಕದಲ್ಲಿ ಆರ್ಸೇನಿಯೊ ರೊದ್ರಿಗೆಸ್ ಎಂಬ ಕುರುಡ ದಿಗ್ಗಜನ ಬ್ಯಾಂಡಿನಲ್ಲಿ ನುಡಿಸಿದವರು ಇವರು. ಆಮೇಲೆ ಚಾ ಚಾ ಚಾ ಹುಟ್ಟುಹಾಕಿದ ಎನ್ರಿಕೆ ಹೊರ್ರಿನ್ ಜೊತೆ ಇಪ್ಪತ್ತೈದು ವರ್ಷದ ಹತ್ತಿರ. ಡಾಕ್ಟರಾಗಲು ಹೋಗಿ ಅರ್ಧಕ್ಕೆ ಬಿಟ್ಟವರು. ಕೈಗೆ ಸಂಧಿವಾತ. ಮನೆಯ ಪಿಯಾನೋ ಹುಳ ತಿಂದು ಹೋಗಿ ಎಷ್ಟೋ ವರ್ಷವಾಗಿತ್ತು. ರೆಕಾರ್ಡಿಂಗಿನ ದಿನಗಳಲ್ಲಿ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ಬಂದು ಕಾಯುತ್ತಿದ್ದರಂತೆ. ಬಾಗಿಲು ತೆಗೆದದ್ದೇ ಸೀದಾ ಪಿಯಾನೋ ಹತ್ತಿರ ಓಟ.

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಪರದೆಯಲ್ಲಿ ಬೆರಳು ನೋಡುತ್ತಿದ್ದರು. 'ಇವರೇನೂ ಪಾಪ ಅನ್ನೋ ಹಂಗೆ ಕಾಣ್ತಿಲ್ಲ. ಡ್ಯೂಟಿಗೆ ಬಂದೋರ ಹಂಗೆ ಕಾಣ್ತಾರೆ' ಅಂದರು. ಆಮೇಲೆ ತಮ್ಮದೇ ಒಂದು ಕಥೆ ಹೇಳಿದರು. ರಿಟೈರಾಗಿ ಆರು ವರ್ಷವಾದ ಮೇಲೆ ಒಂದು ಮಳೆಯ ರಾತ್ರಿ, ಹೊಸ ಹುಡುಗನೊಬ್ಬ ಫೋನ್ ಮಾಡಿದ್ದನಂತೆ. 'ಸಾರ್, ಆ ತೋಟದ ಲೈನಿನ ಸ್ವಿಚ್ ಯಾವ ಕಂಬದಲ್ಲಿದೆ?' ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಕಣ್ಣು ಮುಚ್ಚಿಕೊಂಡು, ಹುಣಸೆಮರದಿಂದ ಕಂಬ ಎಣಿಸಿ ಹೇಳಿದರಂತೆ. 'ಆರು ವರ್ಷ ಆಗಿತ್ತು, ಒಂದು ಕಂಬಾನೂ ತಪ್ಪಲಿಲ್ಲ.' ಹೇಳುವಾಗ ಅವರ ಮುಖದಲ್ಲಿದ್ದದ್ದು ಹೆಮ್ಮೆ ಒಂದೇ. ನನ್ನನ್ನು ಯಾರೂ ನೆನೆಸಿಕೊಳ್ಳಲಿಲ್ಲ ಅನ್ನುವ ಕೊರಗೇನೂ ಅಲ್ಲಿರಲಿಲ್ಲ. ಫೋನ್ ಬರದೇ ಇದ್ದಿದ್ದರೂ ಆ ಕಂಬಗಳು ಅವರ ತಲೆಯಲ್ಲಿ ಹಾಗೇ ನಿಂತಿರುತ್ತಿದ್ದವು.

ಅದಾದ ಮೇಲೆ ರೂಬೆನ್ ಅವರ ಸ್ವಂತ ಆಲ್ಬಂ ಮತ್ತೆ ಹಾಕಿ ಕೇಳಿದೆ. ದೊಡ್ಡ ಆಲ್ಬಂ ಮುಗಿದ ಕೂಡಲೇ ಮಿಕ್ಕ ದಿನಗಳಲ್ಲಿ, ಎರಡೇ ದಿನದಲ್ಲಿ ಮಾಡಿದ್ದು. ಎಲ್ಲರೂ ಒಟ್ಟಿಗೆ ಕೂತು ನೇರವಾಗಿ ನುಡಿಸಿದ್ದು. ಆಮೇಲೆ ತೇಪೆ ಹಾಕಲಿಲ್ಲ. ಹೊಸ ವಾದಕ ಇಷ್ಟು ದಿನದಲ್ಲಿ ಒಂದು ಹಾಡನ್ನು ಹದಕ್ಕೆ ತರಲಾರ. 76ನೇ ವಯಸ್ಸಿನಲ್ಲಿ, ಮನೆಯಲ್ಲಿ ಪಿಯಾನೋ ಇಲ್ಲದೆ, ನೋಯುವ ಕೈಯಲ್ಲಿ ಇದಾದದ್ದು ಪವಾಡ ಅಂತ ನಾನು ಹೇಳುತ್ತಿದ್ದೆ. ಈಗ ಕೇಳಿದರೆ ಪವಾಡ ಕೇಳಿಸುವುದಿಲ್ಲ. ಐವತ್ತು ವರ್ಷ ರಾತ್ರಿ ರಾತ್ರಿ ಕುಣಿಯುವವರ ಮುಂದೆ ಕೂತು, ಅವರ ಕಾಲು ತಪ್ಪದ ಹಾಗೆ ನುಡಿಸಿದವರ ಲೆಕ್ಕ ಕೇಳಿಸುತ್ತದೆ. ತುಂಟತನ ಬೇರೆ. ಬಲಗೈ ದಾರಿ ತಪ್ಪಿದ ಹಾಗೆ ಓಡಿ, ಬಿದ್ದೇಬಿಟ್ಟರು ಅನ್ನುವಷ್ಟರಲ್ಲಿ ಸರಿಯಾದ ಪೆಟ್ಟಿಗೆ ಬಂದು ಕೂರುತ್ತದೆ. ಕೂಡರ್ ಇವರನ್ನು ಜಾಝ್ ಪಿಯಾನೋದ ಥೆಲೋನಿಯಸ್ ಮಂಕ್ ಮತ್ತು ಕಾರ್ಟೂನಿನ ಫೆಲಿಕ್ಸ್ ಬೆಕ್ಕು ಎರಡೂ ಸೇರಿದ ಹಾಗೆ ಅಂದಿದ್ದರು. ಆ ಮಾತು ಮಾತ್ರ ಸರಿಯಾಗಿದೆ.

ಕ್ಲಬ್ಬು ಎಲ್ಲಿತ್ತು

ಚಿತ್ರದಲ್ಲಿ ಕೊಂಪಾಯ್ ಕಾರಿನಲ್ಲಿ ಹೋಗಿ ಇಳಿದು, ಆ ಕ್ಲಬ್ಬು ಎಲ್ಲಿತ್ತು ಅಂತ ಜನರನ್ನು ಕೇಳುತ್ತಾರೆ. ಒಬ್ಬ ಅಲ್ಲಿ ಅನ್ನುತ್ತಾನೆ, ಇನ್ನೊಬ್ಬ ಇಲ್ಲಿ. ನನಗೆ ಅದು ಹಿಂದೆ ತಮಾಷೆಯಾಗಿ ಕಾಣುತ್ತಿತ್ತು. ಆ ಕ್ಲಬ್ಬು ಮರಿಯಾನಾವೊ ಭಾಗದಲ್ಲಿ ಕರಿಯರೇ ಸೇರಿ ನಡೆಸುತ್ತಿದ್ದ ಸಂಘ. ಬಿಳಿಯರ ಕ್ಲಬ್ಬುಗಳು ಅವರನ್ನು ಸೇರಿಸುತ್ತಿರಲಿಲ್ಲ. ಅದಕ್ಕೆ ತಮ್ಮದೇ ಸಂಘ, ತಮ್ಮದೇ ಹಾಲ್, ತಮ್ಮದೇ ಕುಣಿತ. ಇಂಥವು ದ್ವೀಪದ ತುಂಬ ಇದ್ದವು. ಸಂಗೀತಗಾರರಿಗೆ ವಾರವಾರ ಅನ್ನ ಹಾಕಿದ್ದು ಇವೇ. ಕ್ರಾಂತಿ ಬಂತು. ಬಣ್ಣದ ಭೇದ ಮುಗಿಯಿತು ಅಂದಿತು. ಭೇದ ಮುಗಿದ ಮೇಲೆ ಬಣ್ಣದ ಹೆಸರಿನ ಸಂಘ ಯಾಕೆ? ಮುಚ್ಚಿದವು. ಬಿಳಿಯರ ಕ್ಲಬ್ಬಿನ ಬಾಗಿಲೂ ತೆರೆಯಿತು, ಕರಿಯರ ಕ್ಲಬ್ಬಿನ ಬಾಗಿಲೂ ಮುಚ್ಚಿತು, ಒಂದೇ ಕಾರಣಕ್ಕೆ. 1968ರಲ್ಲಿ ಉಳಿದ ಬಾರುಗಳಿಗೂ ರಾತ್ರಿ ಕ್ಲಬ್ಬುಗಳಿಗೂ ಬೀಗ ಬಿತ್ತು. ಇದನ್ನು ಸರಿ ಅನ್ನಬೇಕೋ ತಪ್ಪು ಅನ್ನಬೇಕೋ, ನನ್ನ ಕೈಲಿ ಆಗುವುದಿಲ್ಲ. ಆ ಹವಾನಾದ ಸಹೋದ್ಯೋಗಿಯನ್ನೇ ಕೇಳಿದೆ. 'ನಮ್ಮ ಅಜ್ಜಿಗೆ ಮೊದಲ ಸಲ ಬೀಚಿಗೆ ಹೋಗಕ್ಕೆ ಬಿಟ್ಟಿದ್ದು ಕ್ರಾಂತಿ. ಅವಳು ಕುಣೀತಿದ್ದ ಜಾಗ ಮುಚ್ಚಿಸಿದ್ದೂ ಕ್ರಾಂತಿ' ಅಂದಳು. ಅಷ್ಟೇ.

ಹಾಗೆ ನೋಡಿದರೆ ಆಲ್ಬಂ ಹೆಸರಿಗೂ ಆ ಕ್ಲಬ್ಬಿಗೂ ನಡುವೆ ಇನ್ನೊಬ್ಬರಿದ್ದಾರೆ. ಇಸ್ರಾಯೆಲ್ 'ಕಚಾವೊ' ಲೋಪೆಸ್, ಡಬಲ್ ಬೇಸ್ ವಾದಕ. ಆ ಕ್ಲಬ್ಬಿನ ಹೆಸರಿನಲ್ಲಿ ದಾನ್ಸೋನ್ ಎಂಬ ಹಳೇ ಕುಣಿತದ ಸಂಗೀತ ಕಟ್ಟಿದವರು ಅವರೇ. ಅದೇ ಆಲ್ಬಂನ ಹೆಸರಾಯಿತು. ಅವರು ಮಾತ್ರ ರೆಕಾರ್ಡಿಂಗಿನಲ್ಲಿ ಇಲ್ಲ. 1962ರಲ್ಲೇ ಕ್ಯೂಬಾ ಬಿಟ್ಟಿದ್ದರು. ಆಲ್ಬಮ್ಮಿನಲ್ಲಿ ಬೇಸ್ ನುಡಿಸಿದ್ದು ಅವರ ಅಣ್ಣನ ಮಗ, ಚಿಕ್ಕ ಕಚಾವೊ ಅಂತಲೇ ಹೆಸರಾದ ಕಚಾಯಿತೊ. ಚಿಕ್ಕಪ್ಪ ಮಯಾಮಿಯಲ್ಲಿ ಮದುವೆ, ಹುಟ್ಟುಹಬ್ಬದ ಪಾರ್ಟಿಗಳಲ್ಲಿ ನುಡಿಸಿಕೊಂಡಿದ್ದರು. ಕಡಲು ತೊಂಬತ್ತು ಮೈಲಿ. 1990ರ ದಶಕದ ಮೊದಲಲ್ಲಿ ನಟ ಆ್ಯಂಡಿ ಗಾರ್ಸಿಯಾ ಚಿಕ್ಕಪ್ಪನ ಮೇಲೆ ಚಿತ್ರ ಮಾಡಿ, ಆಲ್ಬಂ ಮಾಡಿಸಿದರು. ಅದಕ್ಕೂ ಗ್ರಾಮಿ ಬಂತು. ಬೆಬೊ ವಾಲ್ದೆಸ್ ಅವರದು ಇನ್ನೂ ದೂರದ ಕಥೆ. ತ್ರೊಪಿಕಾನಾದ ದೊಡ್ಡ ಪಿಯಾನೋ ವಾದಕ. 1960ರಲ್ಲಿ ದೇಶ ಬಿಟ್ಟು, ಕಡೆಗೆ ಸ್ಟಾಕ್‌ಹೋಮಿನಲ್ಲಿ ನೆಲೆ ನಿಂತು, ಊಟ ಮಾಡುವವರ ನಡುವೆ ಹೋಟೆಲ್ ಪಿಯಾನೋ ನುಡಿಸಿಕೊಂಡು ಮೂವತ್ತು ವರ್ಷ ಕಳೆದರು. 1994ರಲ್ಲಿ ಸ್ಯಾಕ್ಸೋಫೋನ್ ವಾದಕ ಪಾಕಿತೊ ದ'ರಿವೇರಾ ಫೋನ್ ಮಾಡಿ ರೆಕಾರ್ಡಿಂಗಿಗೆ ಕರೆದಾಗ ಬೆಬೊಗೆ 76. ಆ ಕಡೆ ಹವಾನಾದಲ್ಲಿ ಅವರ ಮಗ ಚೂಚೊ ಆಗಲೇ ದೇಶಕ್ಕೇ ದೊಡ್ಡ ಹೆಸರು. ಇದೂ ಹಳಬರು ಮರಳಿ ಬಂದ ಕಥೆಯೇ. ಬೂಟ್ ಪಾಲಿಶ್ ಇಲ್ಲದ್ದಕ್ಕೆ ನಾವು ಕಡಿಮೆ ಹೇಳುತ್ತೇವೆ ಅಂತ ಕಾಣುತ್ತದೆ.

ಕೂಡರ್ ಅವರಿಗೆ ಪೂರ್ತಿ ಅನ್ಯಾಯ ಮಾಡುವ ಮನಸ್ಸಿಲ್ಲ. ನಾನು ಅವರ ಹೆಸರು ಮೊದಲು ಕೇಳಿದ್ದೇ ಬೆಂಗಳೂರಿನ ರೂಮ್‌ಮೇಟ್ ಒಬ್ಬನ ಕ್ಯಾಸೆಟ್ಟಿನಲ್ಲಿ, ವಿಶ್ವಮೋಹನ ಭಟ್ಟರ ಜೊತೆ. 1993ರಲ್ಲಿ ಬಂದ ಆಲ್ಬ‌ಂ. ಇಬ್ಬರೂ ಅದೇ ಮೊದಲು ಭೇಟಿಯಾಗಿ, ಸ್ವಲ್ಪ ಹೊತ್ತಿಗೇ ಕೂತು ನುಡಿಸಿದ್ದು. ಗಿಟಾರಿಗೆ ತಂತಿ ಸೇರಿಸಿ ಮೋಹನ ವೀಣೆ ಮಾಡಿಕೊಂಡ ಭಟ್ಟರು, ಗಿಟಾರಿಗೆ ತಂತಿ ಸೇರಿಸಿ ಅರ್ಮೊನಿಕೊ ಮಾಡಿಕೊಂಡ ಕೊಂಪಾಯ್, ಇಬ್ಬರ ಪಕ್ಕದಲ್ಲೂ ಇದೇ ಮನುಷ್ಯ ಕೂತಿದ್ದರು ಅನ್ನುವುದು ನೆನಪಾದರೆ ಖುಷಿಯಾಗುತ್ತದೆ. ಕೇಳುವ ಕಿವಿ ಇತ್ತು. ಇಬ್ರಾಹಿಂ ಕೈಗೆ ಬೊಲೆರೊ ಕೊಟ್ಟದ್ದೇ ಸಾಕು. ಆದರೆ ಕೆಲವು ಹಾಡುಗಳಲ್ಲಿ ಅವರ ಸ್ಲೈಡ್ ಗಿಟಾರ್ ಸಾರಿಗೆ ಬಿದ್ದ ಎರಡನೇ ಹಿಡಿ ಉಪ್ಪಿನ ಹಾಗಿದೆ, ಬೇಕಿರಲಿಲ್ಲ. ಮತ್ತೆ ಇಡೀ ಆಲ್ಬಂ ಒಂಥರಾ ಸಂಜೆಯ ಬೆಳಕಿನಲ್ಲೇ ನಿಂತಿದೆ. ಆ ಬೆಳಕು ಕೊಳ್ಳುವವರಿಗೆ ಇಷ್ಟವಾಯಿತು. 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದೇ ವರ್ಷಗಳಲ್ಲಿ ಹವಾನಾ ಕುಣಿಯುತ್ತಿದ್ದ ತಿಂಬಾ ಮಾತ್ರ ಹೊರಗಿನವರಿಗೆ ಕೇಳಿಸಲಿಲ್ಲ. ಅದು ಜೋರು, ಒರಟು, ಡಾಲರಿನ ಬಗ್ಗೆ, ಟೂರಿಸ್ಟುಗಳ ಬಗ್ಗೆ ಮಾತಾಡುತ್ತಿತ್ತು. ಕ್ಯೂಬಾ ಹಳೇ ಕಾರು, ಹಳೇ ಮುದುಕರ ಊರಾಗಿಯೇ ಇರಲಿ ಅನ್ನುವವರಿಗೆ ಅದು ರುಚಿಸುವುದು ಹೇಗೆ?

ಅವಳು ನನಗೆ ತಿಂಬಾ ಪಟ್ಟಿಯೊಂದನ್ನು ಕಳಿಸಿದ್ದಾಳೆ. 'ಕೂತು ಕೇಳಬೇಡ' ಅಂತ ಮೇಲೆ ಬರೆದಿದ್ದಳು. ಮೊದಲು ಕ್ಲಾವೆ ಕಲಿ ಅಂದಳು. ಎರಡು ಕೋಲು ಬಡಿಯುವ ಆ ಲೆಕ್ಕ: ಮೂರು ಪೆಟ್ಟು, ಆಮೇಲೆ ಎರಡು. ಟಕ್, ಟಕ್, ಟಕ್; ಟಕ್ ಟಕ್. ಮೂರರಲ್ಲಿ ಎರಡನೆಯದು ನಾವು ಕಾಯುವ ಜಾಗದಲ್ಲಿ ಬೀಳುವುದಿಲ್ಲ. ಕ್ಯಾಂಟೀನಿನ ಮೇಜಿನ ಮೇಲೆ ಎರಡು ಚಮಚ ಹಿಡಿದು ಬಡಿದೆ. ಮೂರನೇ ಸುತ್ತಿಗೆ ತಪ್ಪಿತು. ಅವಳು ನಕ್ಕಳು. ಅಷ್ಟು ಹೊತ್ತಿಗೆ ಸ್ವಲ್ಪ ಸಲಿಗೆ ಬಂದಿತ್ತು, ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದನ್ನು ಕೇಳಿದೆ. ಆ ಆಲ್ಬಂ ಬಂದು ಲೋಕವೆಲ್ಲ ಗುಲ್ಲಾದಾಗ ನಿಮ್ಮ ಅಜ್ಜಿ ಏನಂದರು?

ಮಾಮ ಯಾರೋ ಹೊರದೇಶದಿಂದ ಸಿಡಿ ತಂದಿದ್ದರಂತೆ. ಅಡುಗೆಮನೆಯಲ್ಲೇ ಹಾಕಿದರಂತೆ. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ, ಒಮಾರಾ ಹಾಡು ಪೂರ್ತಿ ಕೇಳಿದಳಂತೆ. ಆಮೇಲೆ, 'ಪರವಾಗಿಲ್ಲ. ಮೊದಲು ಇನ್ನೂ ಚೆನ್ನಾಗಿ ಹಾಡ್ತಿದ್ದಳು' ಅಂದು ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳಂತೆ.